ಆರ್ಟ್ಸ್ ಓದಲು ಹೋಗಿ ಪುಸ್ತಕ ಎತ್ತಿಟ್ಟದ್ದು

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದ ತಪ್ಪಿಗೆ ನನಗೆ ಆರ್ಟ್ಸ್ ಓದುವ ಭಾಗ್ಯ ಸಿಗಲಿಲ್ಲ. ಮೈಸೂರಿನ ನಮ್ಮ ಮನೆಯವರ ಲೆಕ್ಕದಲ್ಲಿ ಆರ್ಟ್ಸ್ ಎಂದರೆ ಬೇರೆಲ್ಲೂ ಸೀಟು ಸಿಗದವರು ಹೋಗುವ ಜಾಗ. ನನ್ನನ್ನು ಕಾಮರ್ಸಿಗೆ ತಳ್ಳಿದರು. ಡೆಬಿಟ್ಟು ಕ್ರೆಡಿಟ್ಟು ಮುಗಿಸಿ, ಮದುವೆಯಾಗಿ ವಿದೇಶದ ಶೋರ್‌ಲೈನ್ ಎಂಬ ಊರಿಗೆ ಬಂದೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಓದಬಹುದು. ಹೀಗಾಗಿ ಎಷ್ಟೋ ವರ್ಷ ಸಾರು ಕುದಿಸಿದ ಮೇಲೆ, ಮಗಳು ಅದಿತಿ ಮಿಡಲ್ ಸ್ಕೂಲ್ ಸೇರಿದ ವರ್ಷವೇ ನಾನೂ ಯೂನಿವರ್ಸಿಟಿ ಸೇರುವುದಾಗಿ ಮನೆಯಲ್ಲಿ ಘೋಷಿಸಿದೆ.

ಡೆಬಿಟ್ಟು ಕ್ರೆಡಿಟ್ಟಿನವಳನ್ನು ನೇರವಾಗಿ ಕಲಾ ಇತಿಹಾಸದ ಪದವಿಗೆ ಸೇರಿಸಿಕೊಳ್ಳುವುದಿಲ್ಲ ಎಂದರು. ಮೊದಲು ಕಲೆ ಮತ್ತು ಮಾನವಿಕ ವಿಷಯಗಳ ಫೌಂಡೇಶನ್ ವರ್ಷ ಓದಬೇಕು. ಅದರಲ್ಲಿ ಪಾಸಾದರೆ ಪದವಿಗೆ ಸೀಟು, ಇಲ್ಲದಿದ್ದರೆ ಮತ್ತೆ ಸಾರು.

"ಒಂದು ವರ್ಷ ತಾನೇ. ಚಿತ್ರ ನೋಡೋದು, ಕಥೆ ಓದೋದು. ಇದರಲ್ಲಿ ಫೇಲಾಗೋಕೆ ಏನಿದೆ ರೀ?" ಎಂದೆ.

ನಮ್ಮವರು ಶ್ರೀಧರ್ ಓವರ್‌ಲೇಕಿನ ಕಂಪನಿಯೊಂದರಲ್ಲಿ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ಮಾಡುತ್ತಾರೆ. ಮನೆಗೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ.

"ನೀನು ಮನಸ್ಸು ಮಾಡಿದ್ರೆ ಏನಾದ್ರೂ ಒಂದು ಇದ್ದೇ ಇರತ್ತೆ ಬಿಡು, ನಳಿನಿ," ಎಂದರು.

ಮೊದಲ ದಿನವೇ ಅವರ ಮಾತು ನಿಜವಾಯಿತು. ಪ್ರೊಫೆಸರ್ ಒಳಗೆ ಬಂದ ತಕ್ಷಣ ನಾನು ಎದ್ದು ನಿಂತೆ. ಉಳಿದವರೆಲ್ಲ ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. "ಹೊರಗೆ ಹೋಗಬೇಕಿತ್ತೇ?" ಎಂದು ಪ್ರೊಫೆಸರ್ ಬಹಳ ಕಾಳಜಿಯಿಂದ ಕೇಳಿದರು. ಇಲ್ಲ ಎನ್ನಲು ನಾಚಿಕೆಯಾಗಿ ಹೌದು ಎಂದೆ. ಹೊರಗೆ ಹೋಗಿ, ಕಾರಿಡಾರಿನಲ್ಲಿ ನಲ್ಲಿಯ ನೀರು ಕುಡಿದು, ಮರ್ಯಾದೆಯಾಗಿ ವಾಪಸು ಬಂದೆ. ತಮ್ಮನ್ನು ಹೆಲೆನ್ ಎಂದೇ ಕರೆಯಬೇಕೆಂದು ಅವರು ಎಲ್ಲರಿಗೂ ಹೇಳಿದ್ದರು. ನನ್ನ ನಾಲಿಗೆ ಒಪ್ಪಲಿಲ್ಲ. "ಹೆಲೆನ್ ಮೇಡಂ" ಎಂಬಲ್ಲಿಗೆ ರಾಜಿ ಮಾಡಿಕೊಂಡೆ.

ಮೊದಲ ಪ್ರಬಂಧವನ್ನು ಮಾತ್ರ ಜೀವ ತೇದು ಬರೆದೆ. ಮೇಡಂ ತರಗತಿಯಲ್ಲಿ ಹೇಳಿದ ಪ್ರತಿಯೊಂದು ಮಾತನ್ನೂ ಬಾಯಿಪಾಠ ಮಾಡಿ, ಒಂದಕ್ಷರ ಬಿಡದೆ ಇಳಿಸಿದ್ದೆ. ನಮ್ಮ ಕಾಲೇಜಿನಲ್ಲಾಗಿದ್ದರೆ ರ‍್ಯಾಂಕು ಬರುತ್ತಿತ್ತು. ಮೇಡಂ ಕೆಳಗೆ ಬರೆದಿದ್ದರು: "ಇದು ನನ್ನ ಅಭಿಪ್ರಾಯ. ನಿಮ್ಮದು ಎಲ್ಲಿ?"

"ನನ್ನ ಅಭಿಪ್ರಾಯ ಬೇಕಂತೆ ರೀ," ಎಂದು ಮನೆಯಲ್ಲಿ ಗೋಳಾಡಿದೆ.

"ಮನೇಲಿ ಅಷ್ಟೊಂದು ಬಿದ್ದಿದೆಯಲ್ಲ, ಸ್ವಲ್ಪ ತಗೊಂಡ್ಹೋಗು," ಎಂದರು ನಮ್ಮವರು.

ತಮಾಷೆ ಹಾಗಿರಲಿ, ಸಮಸ್ಯೆ ನಿಜವಾದದ್ದೇ. ಮೇಷ್ಟರೆದುರು ಅಭಿಪ್ರಾಯ ಹೇಳುವವರನ್ನು ನಮ್ಮಲ್ಲಿ ಅಧಿಕಪ್ರಸಂಗಿ ಎನ್ನುತ್ತಿದ್ದರು. ಇಲ್ಲಿ ಅದಕ್ಕೇ ಮಾರ್ಕ್ಸ್. ವರ್ಷವಿಡೀ ನಾನು ತಲೆಯಾಡಿಸಿಕೊಂಡು ಕೂತೆ. ಕೊನೆಗೊಂದು ದಿನ ಮೇಡಂ ನನ್ನನ್ನು ಕರೆದು, ವರ್ಷದ ಕೊನೆಯ ಪ್ರದರ್ಶನದಲ್ಲಾದರೂ ಬಾಯಿ ಬಿಡದಿದ್ದರೆ ಪದವಿಗೆ ಶಿಫಾರಸು ಮಾಡಲಾಗುವುದಿಲ್ಲ ಎಂದು ಮೃದುವಾಗಿ ಹೇಳಿದರು. ನನ್ನ ಪಾಲಿಗೆ ಬಂದದ್ದು ಮೇಗನ್ ಎಂಬ ಸಹಪಾಠಿಯ ಕಲಾಕೃತಿ. ಅದನ್ನು ಆ ದಿನ ಬೆಳಿಗ್ಗೆ ಮೊದಲ ಸಲ ನೋಡಿ, ಎಲ್ಲರೆದುರು ನನಗೆ ಅನಿಸಿದ್ದನ್ನು ಹೇಳಬೇಕು. ಅದು ಏನೆಂದು ಕೇಳಿದರೆ ಮೇಗನ್ ಗುಟ್ಟು ಬಿಡಲಿಲ್ಲ. ಹಸಿರು ಬಣ್ಣದ ಕೂದಲು ಕುಣಿಸಿ ನಕ್ಕಳು, ಅಷ್ಟೆ.

ಪ್ರದರ್ಶನವಿದ್ದದ್ದು ಡೆನ್ನಿ ಟ್ರಯಾಂಗಲ್ ಎಂಬ ಬಡಾವಣೆಯ ಗಾಜಿನ ಕಟ್ಟಡಗಳ ನಡುವಿನ ಒಂದು ಉದ್ದನೆಯ ಹಾಲಿನಲ್ಲಿ. ಟ್ರಾಫಿಕ್ಕಿಗೆ ಹೆದರಿ ನಮ್ಮವರು ನನ್ನನ್ನು ಎಲ್ಲರಿಗಿಂತ ಮೊದಲೇ ಇಳಿಸಿ ಓವರ್‌ಲೇಕಿಗೆ ಓಡಿದರು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ನೆಲದ ತುಂಬ ಪುಸ್ತಕಗಳು. ಬಾಗಿಲಿನಿಂದ ಹಾಲಿನ ಆ ತುದಿಯವರೆಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಕೆಲವು ತೆರೆದು, ಕೆಲವು ಬೋರಲು ಬಿದ್ದಿದ್ದವು. ಒಂದಕ್ಕೆ ನನ್ನ ಕಾಲೂ ತಗಲಿತು. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಪಾಪ, ಶೆಲ್ಫ್ ಸಾಗಿಸುವವರು ಎಲ್ಲ ಹೀಗೆ ಸುರಿದು ಹೋಗಿದ್ದಾರೆ ಎಂದುಕೊಂಡೆ.

ಸೆರಗಿಲ್ಲದ ಕಾರಣ ದುಪಟ್ಟಾದಲ್ಲಿ ಒಂದೊಂದನ್ನೂ ಒರೆಸಿದೆ. ಮಡಚಿದ ಹಾಳೆಗಳನ್ನು ನೀವಿದೆ. ಆ ತುದಿಯಲ್ಲಿದ್ದ ಮೇಜಿನ ಮೇಲೆ ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಎಂದು ಪೇರಿಸಿದೆ. ನವರಾತ್ರಿಯ ಸರಸ್ವತಿ ಪೂಜೆಗೆ ಇಟ್ಟ ಹಾಗೆ ಕಾಣುತ್ತಿತ್ತು. ಒಂದು ಹೂವಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಅಷ್ಟರಲ್ಲಿ ಹೆಲೆನ್ ಮೇಡಂ ಮತ್ತು ಮೇಗನ್ ಹಿಂದೆ ಇಡೀ ತರಗತಿ ಒಳಗೆ ಬಂತು.

"ಎಲ್ಲಿ ಹೋಯಿತು?" ಎಂದಳು ಮೇಗನ್.

"ಯಾವುದು?" ಎಂದೆ.

"ನನ್ನ ಕಲಾಕೃತಿ."

ನಾನು ಮೇಜಿನ ಕಡೆ ನೋಡಿದೆ. ಎಲ್ಲರೂ ನೋಡಿದರು. ಜನ ಪುಸ್ತಕಗಳ ಮೇಲೆ ನಡೆದು ಹೋಗಬೇಕು, ಅದೇ ಕೃತಿಯಂತೆ; ಇಂಥದ್ದಕ್ಕೆ ಇನ್‌ಸ್ಟಲೇಷನ್ ಎನ್ನುತ್ತಾರಂತೆ. ನನ್ನ ಸೀಟು ಕಣ್ಣೆದುರೇ ಸಾರಿನಲ್ಲಿ ಮುಳುಗುವುದು ಕಾಣಿಸಿತು.

"ಸರಿ, ನಿಮ್ಮ ಸರದಿಯೇ ಮೊದಲು. ಹೇಳಿ, ಯಾಕೆ ಎತ್ತಿಟ್ಟಿರಿ?" ಎಂದರು ಮೇಡಂ.

ಭಯಕ್ಕೋ ಸಂಕಟಕ್ಕೋ, ಬಾಯಿ ತಾನಾಗಿ ತೆರೆಯಿತು. ಪುಸ್ತಕ ಎಂದರೆ ನಮಗೆ ಸರಸ್ವತಿ ಎಂದೆ. ಹಳೆಯ ಪೇಪರ್ ಕಾಲಿಗೆ ತಗಲಿದರೂ ಅಪ್ಪ ಕಣ್ಣಿಗೆ ಒತ್ತಿಸುತ್ತಿದ್ದುದನ್ನು, ಬಸ್ ಟಿಕೆಟ್ಟಿಗೂ ನಮಸ್ಕಾರ ಮಾಡಿ ಬೆಳೆದದ್ದನ್ನು ಹೇಳಿದೆ. ಇದರ ಮೇಲೆ ನಡೆಯಿರಿ ಎನ್ನುವುದು ನನಗೆ ಸ್ವಲ್ಪವೂ ಸರಿಯೆನಿಸುವುದಿಲ್ಲ, ಮೇಗನ್ ಬೇಜಾರು ಮಾಡಿಕೊಂಡರೂ ಇದೇ ನನ್ನ ಅಭಿಪ್ರಾಯ ಎಂದು ಮುಗಿಸಿದೆ. ಅಷ್ಟು ಮಾತು ನಾನು ಅಲ್ಲಿ ವರ್ಷವಿಡೀ ಆಡಿರಲಿಲ್ಲ.

ಮೇಗನ್ ರಾಶಿಯ ಮೇಲಿನ ಪುಸ್ತಕವೊಂದನ್ನು ಮುಟ್ಟಿ ನೋಡಿದಳು. "ಕಾಲಿಡಲು ಜನ ಹಿಂಜರಿಯಲಿ ಅಂತಲೇ ಇದನ್ನು ಮಾಡಿದ್ದು. ನಿನ್ನೆ ಇದನ್ನು ನೋಡಿದವರೆಲ್ಲ ಆರಾಮಾಗಿ ತುಳಿದುಕೊಂಡು ಹೋದರು. ಇದು ಅರ್ಥವಾದದ್ದು ನಿಮ್ಮೊಬ್ಬರಿಗೇ. ಹಾಳು ಮಾಡಿದವರೂ ನೀವೇ," ಎಂದಳು.

ಮೇಡಂ ನಕ್ಕು ಏನೋ ಗುರುತು ಹಾಕಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಶ್ಚಾತ್ತಾಪ ಹೆಚ್ಚಾಗಿ, ನಾನೇ ಮೊದಲಿನಂತೆ ಹರಡುತ್ತೇನೆಂದು ಹಟ ಹಿಡಿದೆ. ಮೇಗನ್ ತನ್ನ ಫೋನಿನಲ್ಲಿದ್ದ ಫೋಟೋ ಕೊಟ್ಟು, ಅತಿಥಿಗಳನ್ನು ಕರೆತರಲು ಎಲ್ಲರ ಜೊತೆ ಹೊರಗೆ ಹೋದಳು. ನಾನು ಬಾಗಿಲಿನಿಂದ ಶುರು ಮಾಡಿ, ಒಂದೊಂದು ಪುಸ್ತಕಕ್ಕೂ ಕ್ಷಮೆ ಕೇಳಿ ನೆಲಕ್ಕಿಡುತ್ತಾ ಹಿಂದೆ ಹಿಂದೆ ಸರಿದೆ. ಕೊನೆಯ ಪುಸ್ತಕ ಇಟ್ಟು ನೆಟ್ಟಗೆ ನಿಂತಾಗ ಬೆನ್ನಿಗೆ ಹಾಲಿನ ಆ ತುದಿಯ ಗೋಡೆ ತಾಗಿತು. ಬಾಗಿಲು ದೂರದಲ್ಲಿತ್ತು. ನಡುವೆ ಸರಸ್ವತಿ ಇದ್ದಳು. ಹಿಂಬಾಗಿಲೊಂದಿತ್ತು, ಅದನ್ನು ತೆಗೆದರೆ ಬೆಂಕಿ ಬಿದ್ದಂತೆ ಸೈರನ್ ಹೊಡೆದುಕೊಳ್ಳುತ್ತದೆ ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ಅತಿಥಿಗಳು ಬಂದರು. ಪುಸ್ತಕದ ಮೇಲೆ ಬೂಟು ಬಿದ್ದಾಗಲೆಲ್ಲ ನಾನು ಅವರ ಪರವಾಗಿ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ. ಅವರ ಮಕ್ಕಳಿಗೆ ವಿದ್ಯೆ ಹತ್ತದೆ ಹೋಗಬಾರದಲ್ಲ. ಮೇಗನ್ ಬಂದು ಕೇಳಿದಾಗ, ಇಲ್ಲೇ ನಿಲ್ಲುವುದು ನನಗಿಷ್ಟ ಎಂದು ಬೊಗಳೆ ಬಿಟ್ಟೆ. ಒಂದು ಸಲ ಎತ್ತಿದ್ದನ್ನು ಮತ್ತೆ ಎತ್ತು ಎಂದು ಯಾವ ಬಾಯಲ್ಲಿ ಹೇಳಲಿ? ಊಟವಿಲ್ಲದೆ ಸಂಜೆಯಾಯಿತು. ಜನರೆಲ್ಲ ಹೋದ ಮೇಲೆ ನಮ್ಮವರು ಬಾಗಿಲಲ್ಲಿ ಕಾಣಿಸಿಕೊಂಡರು.

"ಬಾರೇ, ಪಾರ್ಕಿಂಗ್ ಟೈಮ್ ಮುಗೀತಿದೆ."

"ಬರೋಕಾಗಲ್ಲ ರೀ. ಪುಸ್ತಕ ಇದೆ."

"ಚಪ್ಪಲಿ ಬಿಚ್ಚಿ ಬಾ."

"ಬಿಚ್ಚಿದ್ರೂ ಕಾಲು ಕಾಲೇ ಅಲ್ವಾ?"

"ಯಾವ ಕಾಲದಲ್ಲಿದೀಯ ನೀನು? ಇರು, ನಾನೇ ಬಂದು ಕರ್ಕೊಂಡ್ಹೋಗ್ತೀನಿ," ಎಂದು ಅವರು ಬಲಗಾಲು ಎತ್ತಿದರು. ಎತ್ತಿದ ಕಾಲು ಹಾಗೇ ನಿಂತಿತು. ಕೆಳಗೆ ನೋಡಿದರು. ಕಾಲನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, ತುದಿ ತಗಲಿತೇನೋ ಎಂಬ ಅನುಮಾನಕ್ಕೆ ಬಗ್ಗಿ ಕಣ್ಣಿಗೆ ಒತ್ತಿಕೊಂಡರು.

ಹಾಲ್ ಮುಚ್ಚಲು ಬಂದ ಮೇಗನ್, ಈ ತುದಿಯಲ್ಲಿ ಒಬ್ಬಳು, ಆ ತುದಿಯಲ್ಲಿ ಒಬ್ಬರು ನಿಂತದ್ದನ್ನು ನೋಡಿ, ಬಗ್ಗಿ ಪುಸ್ತಕಗಳನ್ನು ಬದಿಗೆ ಸರಿಸುತ್ತಾ ನನಗೊಂದು ಕಾಲುದಾರಿ ಮಾಡಿಕೊಟ್ಟಳು.

ಸೀಟು ಸಿಕ್ಕಿತು. ಮೇಡಂ ಷರಾ ಹೀಗಿತ್ತು: "ಸ್ವಂತ ಅಭಿಪ್ರಾಯವಿದೆ. ಕಲಾಕೃತಿಗಳಿಂದ ದೂರವಿಟ್ಟರೆ ಒಳ್ಳೆಯದು."

ಅದನ್ನು ಮನೆಯಲ್ಲಿ ಎರಡೆರಡು ಸಲ ಜೋರಾಗಿ ಓದಿ ಹೇಳಿದೆ. ಹಾಗೇ ಅದಿತಿಯ ರೂಮಿಗೆ ಹೋದರೆ, ನೆಲದ ಮೇಲೆಲ್ಲ ಪುಸ್ತಕ.

"ಏನೇ ಇದು? ಎತ್ತಿಡು."

"ಅಮ್ಮಾ, ಡೋಂಟ್ ಟಚ್. ಇಟ್ಸ್ ಆನ್ ಇನ್‌ಸ್ಟಲೇಷನ್," ಎಂದಳು, ಫೋನಿನಿಂದ ತಲೆ ಎತ್ತದೆ.

ಹಿಂದಿನಿಂದ ನಮ್ಮವರು ಕೇಳಿದರು, "ಈಗ ಹೇಳಮ್ಮ, ಆರ್ಟ್ಸ್ ಓದಿದವಳು. ಇದರ ಬಗ್ಗೆ ನಿನ್ನ ಅಭಿಪ್ರಾಯ ಏನು?"

ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸೊಂಟ ಬಗ್ಗಿಯಾಗಿತ್ತು, ಕೈಯಲ್ಲಿ ಆಗಲೇ ಮೂರು ಪುಸ್ತಕವಿತ್ತು.