ಊಟಿಯಿಂದ ಬಂದ ಕಾಬಾಳೆ

ಕಂಡದ್ದಕ್ಕೆಲ್ಲ ಹೆಸರಿಡುವುದರಿಂದಲೇ ಮನುಷ್ಯ ಪ್ರಾಣಿಗಳಿಗಿಂತ ಮೇಲು ಎನ್ನುತ್ತಾರೆ. ಹಸು ಹೆಸರು ಕೇಳದೆ ಗಿಡ ತಿಂದು ಮಲಗುತ್ತದೆ, ನಾನು ಮೂರು ತಿಂಗಳು ಹೆಸರು ಹುಡುಕಿದೆ. ಮೇಲು ಯಾರೆಂದು ಈಗ ಅನುಮಾನ.

ವರ್ಗಾವಣೆಯ ಸಂಸಾರಗಳಲ್ಲಿ ಒಂದು ಸಂಪ್ರದಾಯವಿದೆ. ಲಾರಿಯವರು ಹೂಕುಂಡ ಹತ್ತಿಸಿಕೊಳ್ಳುವುದಿಲ್ಲವಾದ್ದರಿಂದ ಗಿಡಗಳನ್ನು ಹಿಂದೆ ಬರುವವರಿಗೆ ದಾನ ಮಾಡುವುದು. ದಾನದ ಜೊತೆ ಒಂದು ವಂಶಾವಳಿಯೂ ಬರುತ್ತದೆ. ನಮ್ಮ ಬ್ಯಾಂಕಿನವರೇ ಆದ ದೇಶಪಾಂಡೆ ವಿಶಾಖಪಟ್ಟಣದ ಈ ಬಾಡಿಗೆ ಮನೆ ಬಿಟ್ಟು ಬೇರೆ ಊರಿಗೆ ಹೋಗುವಾಗ, ಇಟ್ಟಿಗೆ ಬಣ್ಣ ಬಳಿದ ಒಂದು ದೊಡ್ಡ ಕೊಳಗದಲ್ಲಿ ಬಾಳೆಯಂಥ ಎಲೆಯ ಗಿಡವೊಂದನ್ನು ನಮಗೆ ಬಿಟ್ಟುಹೋದರು. ಅದು ಕೂತಿದ್ದು ಅಂಗಳದ ಮೂಲೆಯಲ್ಲಿ. ಇಡೀ ಮನೆಯಲ್ಲಿ ಸಮುದ್ರದ ಗಾಳಿ ಬೀಸುವುದು ಅಲ್ಲಿ ಮಾತ್ರ. ನನ್ನ ಕುರ್ಚಿಗೆಂದೇ ದೇವರು ಮಾಡಿದ ಮೂಲೆ.

ದೇಶಪಾಂಡೆಗೆ ಫೋನ್ ಮಾಡಿದೆ.

"ಅದು ಸಾದಾ ಗಿಡ ಅಲ್ರಿ ಸರ. ಊಟಿ ಕ್ಯಾನಾ. ಶುಕ್ರವಾರಕ್ಕೊಮ್ಮೆ ಅನಕಾಪಲ್ಲಿ ಬೆಲ್ಲದ ನೀರು ಹಾಕ್ರಿ. ಹೂ ನೋಡಿದ್ರ ಬೆರಗಾಗ್ತೀರಿ."

"ನೀವು ನೋಡಿದ್ದೀರಾ?"

"ನಾ ಎಲ್ಲಿ ನೋಡ್ಲಿ. ವಿಜಯವಾಡದಾಗ ಕೊಟ್ಟವರು ಹೇಳ್ಯಾರ. ಊಟಿದು ಅಂತ ಕಾರಿನಾಗ ಇಟ್ಕೊಂಡು ತಂದೇನಿ."

ಕೊಟ್ಟವರಿಗೆ ಅವರಿಗೆ ಕೊಟ್ಟವರು ಹೇಳಿದ್ದರಂತೆ. ಪುರಾಣಗಳು ಹುಟ್ಟುವುದು ಹೀಗೆ. ಫೋಟೋ ತೆಗೆದು ಮೊಬೈಲನ್ನು ಕೇಳಿದರೆ ಮೊದಲು ಅರಿಶಿನ ಎಂದಿತು, ಆಮೇಲೆ ಬಾಳೆ ಎಂದಿತು. ಮನೆ ಒಡತಿ ಲಕ್ಷ್ಮಿಗಾರು ಒಮ್ಮೆ ನೋಡಿ, "ಮೆಟ್ಟ ತಾಮರ ಅಂಡಿ, ಕಾಲುವೆ ಪಕ್ಕ ಬೇಕಾದಷ್ಟು" ಎಂದು ಒಳಗೆ ಹೋದರು. ಅಂದರೆ ನಮ್ಮ ಕಡೆ ಬೀದಿ ಬದಿ ಬೆಳೆಯುವ ಕಾಬಾಳೆ. ನನಗೆ ಅಷ್ಟು ಸಾಕಾಗಿತ್ತು. ನನ್ನ ಹೆಂಡತಿ ವಿಮಲಾಗೆ ಸಾಲದು.

"ಹೂ ಬಿಡಲಿ. ಬೀದಿಯದಾದ್ರೆ ಆ ಜಾಗ ನಿಮ್ಮ ಕುರ್ಚಿಗೆ. ಊಟಿಯದಾದ್ರೆ ತೆಪ್ಪಗಿರಿ."

ಸಕ್ಕರೆ ಕಾಯಿಲೆಯೆಂದು ನನಗೆ ಬೆಲ್ಲ ನಿಲ್ಲಿಸಿದ ಮನೆಯಲ್ಲಿ ಗಿಡ ಬೆಲ್ಲ ಕುಡಿಯತೊಡಗಿತು. ಕನ್ನಡ ಸಂಘದ ಊಟದಲ್ಲಿ ನಾನು ಈ ವಿಷಯ ಎತ್ತಿ, ಕಾಲುವೆ ದಂಡೆಯ ಕಳೆಯನ್ನು ಮೊದಲು ಮನೆಗೆ ಹೊತ್ತು ತಂದ ಮಹಾನುಭಾವನ ಅಭಿರುಚಿಯ ಬಗ್ಗೆ ಸ್ವಲ್ಪ ಉದ್ದಕ್ಕೇ ಮಾತಾಡಿದೆ. ಜನ ನಕ್ಕರು. ಪಾಯಸ ಬಡಿಸುವವರೂ ನಿಂತು ಕೇಳಿದರು.

ಕೊನೆಗೆ ಹೂ ಬಿಟ್ಟಿತು. ಕಿರಿದಾದ, ಕೆಂಪಾದ, ಚರಂಡಿ ಪಕ್ಕದ ಅದೇ ಹೂ. ದೇಶಪಾಂಡೆಗೆ ಫೋಟೋ ಕಳಿಸಿ ಕುರ್ಚಿ ಎತ್ತಿಕೊಂಡು ಬಂದೆ. ಗಿಡ ಬೇಲಿಯಾಚೆಗೆ, ಕೊಳಗ ಗುಜರಿಗೆ ಎಂದು ಅಪ್ಪಣೆ ಮಾಡಿದೆ. ಸ್ಟೀಲು ಒಳ್ಳೆಯದಿದ್ದಂತಿದೆ ಎಂದು ವಿಮಲಾ ಕೊಳಗದ ಹೊರಮೈಯನ್ನು ತೆಂಗಿನ ನಾರಿನಿಂದ ಉಜ್ಜಿದಳು. ಇಟ್ಟಿಗೆ ಬಣ್ಣ ಎದ್ದು ಕೊರೆದ ಅಕ್ಷರ ಕಂಡಿತು: "ಸೌ. ವಿಮಲಾಗೆ, ಸೋದರಮಾವ ನಂಜುಂಡಯ್ಯ."

ನಮ್ಮ ಮದುವೆಯ ಕೊಳಗ. ಹಿಂದೆ ನಾವು ವಿಜಯವಾಡದಲ್ಲಿದ್ದಾಗ ತಳ ತೂತಾಗಿ ಹೂಕುಂಡವಾಗಿತ್ತು, ಬಣ್ಣ ಆಮೇಲೆ ಯಾರೋ ಬಳಿದದ್ದು.

"ರೀ, ಬೆಳಗಿನ ವಾಕಿಂಗಿನಲ್ಲಿ ಕಾಲುವೆ ದಂಡೆಯಿಂದ ಗೆಡ್ಡೆ ಕಿತ್ತು ಟವೆಲಿನಲ್ಲಿ ಸುತ್ತಿ ತಂದ ಮಹಾನುಭಾವರು ಯಾರು?" ಎಂದಳು.

"ಮತ್ತೆ ಊಟಿ ಎಲ್ಲಿಂದ ಬಂತು?"

"ನಾನೇ ಹೇಳಿದ್ದು. ಆ ಊರು ಬಿಡುವಾಗ ಕಾಲುವೆಯದು ಅಂದಿದ್ರೆ ಯಾರು ತಗೋತಿದ್ರು?"

ಗಿಡ ಮೂಲೆಯಲ್ಲೇ ಇದೆ. ಕುರ್ಚಿ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿದೆ. ಶುಕ್ರವಾರದ ಬೆಲ್ಲದ ನೀರು ನಾನು ಹಾಕುತ್ತೇನೆ.