ನಗುವ ಮಕ್ಕಳಿಗೆ ಅಂಗಳವಿಲ್ಲ

ಕಮ್ಮರಡಿ ಸಮೀಪದ ಒಂದು ಅಂಗನವಾಡಿಯಲ್ಲಿ ಹದಿನಾಲ್ಕು ಮಕ್ಕಳು ಅಗತ್ಯಕ್ಕಿಂತ ಹೆಚ್ಚು ಖುಷಿಯಾಗಿದ್ದಾರೆಂಬ ವಿಷಯ ಇಲಾಖೆಯ ತಪಾಸಣೆಯಲ್ಲಿ ಬೆಳಕಿಗೆ ಬಂತು.

ಕೊಪ್ಪದಿಂದ ಬಂದ ಸೂಪರ್‌ವೈಸರ್ ಶಾಲಿನಿ ಮೇಡಂ ಗೇಟಿನಲ್ಲೇ ನಿಂತರು. ಅಂಗಳದಲ್ಲಿ ಒಂದು ಕೂಸು ಅಡಿಕೆ ಹಾಳೆ ಮೇಲೆ ಕೂತಿತ್ತು, ಎರಡು ಎಳೆಯುತ್ತಿದ್ದವು. ಉಳಿದವು ಬಸಳೆ ಹಣ್ಣು ಹಿಂಡಿ ಗೋಡೆಗೆ ನವಿಲು ಬರೆದು, ಮಿಕ್ಕ ಬಣ್ಣ ಒಬ್ಬರ ಮೂಗಿಗೊಬ್ಬರು ಹಚ್ಚುತ್ತಿದ್ದವು.

“ಇದೆಂತ ಟೀಚರೇ, ಯೋಜನೆ ಬರೂಕೆ ಮೊದಲೇ ಹೀಗೆ?”

ಟೀಚರ್ ಸೀತಕ್ಕ ಹತ್ತಿರವಿದ್ದ ಕೂಸಿನ ಮೂಗನ್ನು ಸೆರಗಿನಿಂದ ಒರೆಸತೊಡಗಿದಳು.

ಯೋಜನೆಯ ಹೆಸರು ‘ಪ್ರಕೃತಿಯೊಡನೆ ಪುಟಾಣಿ’. ಮಣ್ಣು, ಎಲೆ, ಬಣ್ಣದಲ್ಲಿ ಆಡಿಸಿ ಮಕ್ಕಳ ಮನಸ್ಸು ಅರಳಿಸತಕ್ಕದ್ದು. ನಿಯಮ ಆರರ ಪ್ರಕಾರ ಮೊದಲು ಮಂಕುತನ ಅಳೆಯಬೇಕು, ಮೂರು ತಿಂಗಳ ಮೇಲೆ ಅರಳಿದ್ದನ್ನು ಅಳೆಯಬೇಕು. ವ್ಯತ್ಯಾಸ ಕಾಣದ ಕೇಂದ್ರವನ್ನು ಮುಚ್ಚಿ ಜಯಪುರದ ಕೇಂದ್ರಕ್ಕೆ ಸೇರಿಸತಕ್ಕದ್ದು. ಮೊದಲೇ ಅರಳಿ ಕೂತವರಲ್ಲಿ ವ್ಯತ್ಯಾಸ ಎಲ್ಲಿಂದ ತರುವುದು? ಇಪ್ಪತ್ತೆರಡು ವರ್ಷದಿಂದ ಆ ಕೇಂದ್ರದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಊರಿಗೇ ಯಜಮಾನಿ ಅನ್ನೋ ಹಾಗೆ ಓಡಾಡಿದ್ದ ಸೀತಕ್ಕ ಅದನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

“ಒಂದು ತಿಂಗಳು ಟೈಮ್ ಕೊಡ್ತೀನಿ,” ಅಂದರು ಮೇಡಂ. “ಅಷ್ಟರೊಳಗೆ ಸರಿಯಾಗಿ ಮಂಕು ಮಾಡಿಡಿ.”

ಮರುದಿನವೇ ಅಂಗಳಕ್ಕೆ ಬೀಗ ಬಿತ್ತು. ಸಹಾಯಕಿ ಭೈರಮ್ಮ ಅಡಿಕೆ ಹಾಳೆಗಳನ್ನು ಒಲೆಗೆ ತುರುಕಿ, ನವಿಲಿನ ಮೇಲೆ ಸುಣ್ಣ ಬಳಿದಳು. ಮಕ್ಕಳು ಕೈಕಟ್ಟಿ ಕೂತು ಫ್ಯಾನ್ ನೋಡತೊಡಗಿದವು. ಕರೆಂಟಿಲ್ಲದ್ದರಿಂದ ಅದೂ ತಿರುಗುತ್ತಿರಲಿಲ್ಲ. ಹದಿನೈದು ದಿನದಲ್ಲಿ ಹದಿಮೂರು ಮಕ್ಕಳು ತೃಪ್ತಿಕರವಾಗಿ ಬಾಡಿದವು.

ಅಪೂರ್ವಾ ಮಾತ್ರ ಬಾಡಲೊಲ್ಲಳು. ಇರುವೆ ಸಾಲು ಕಂಡರೂ ಕಿಸಿಕಿಸಿ ನಗು. ಸೀತಕ್ಕ ಅವಳ ತಾಯಿ ಚೇತನಾಳನ್ನು ಕರೆಸಿದಳು.

“ಮನೇಲಿ ಎಂತ ತಿನ್ನಿಸ್ತೀಯೆ ಮಾರಾಯ್ತಿ ಇದಕ್ಕೆ?”

“ಎಂತ ಮಾಡದು ಟೀಚರೇ, ಅವಳಪ್ಪನ ಕಡೆಯವರೇ ಹಾಗೆ. ಸಾವಿನ ಮನೆಗೆ ಹೋದ್ರೂ ಹಲ್ಲು ಕಿರೀತಾರೆ.”

“ಹಾಗಾದ್ರೆ ದಿನಾ ಜಯಪುರದ ಬಸ್ಸಲ್ಲಿ ನೀನೇ ಹೊತ್ಕೊಂಡು ಹೋಗು.”

ಬಸ್ಸಿನ ಮಾತು ನಾಟಿತು. ಚೇತನಾ ಆ ಭಾನುವಾರವೇ ಮಗಳ ಬೆಕ್ಕಿನಮರಿಯನ್ನು ತವರಿಗೆ ಸಾಗಿಸಿದಳು. ಸೋಮವಾರ ಅಪೂರ್ವಾ ಇರುವೆಗೆ ಬೆನ್ನು ಹಾಕಿ ಕೂತಳು. ಸೀತಕ್ಕ ನಿಟ್ಟುಸಿರು ಬಿಟ್ಟಳು. ಸಮಾಧಾನಕ್ಕೇ ಇರಬೇಕು.

ಮೇಡಂ ಬಂದು ಹದಿನಾಲ್ಕೂ ಮುಖಕ್ಕೆ ಅಂಕ ಹಾಕಿ, ‘ಅತ್ಯುತ್ತಮ ಮಂಕು’ ಎಂದು ಷರಾ ಬರೆದರು. ಅಲ್ಲಿಂದ ಪ್ರತಿ ಬುಧವಾರ ಹನ್ನೊಂದರಿಂದ ಹನ್ನೊಂದು ಇಪ್ಪತ್ತರವರೆಗೆ ಅಂಗಳದ ಬೀಗ ತೆಗೆಯಲಾಯಿತು. ಮೂರು ತಿಂಗಳಿಗೆ ಮಕ್ಕಳು ಅರ್ಧದಷ್ಟು ಅರಳಿದವು. ಕೇಂದ್ರ ಉಳಿಯಿತು. ತಾಲ್ಲೂಕಿಗೇ ಮೊದಲ ಬಹುಮಾನ ಬಂತು, ಸೀತಕ್ಕನಿಗೆ ಶಾಲು ಹೊದಿಸಿದರು.

ಈಗ ಸುತ್ತಿನವರೆಲ್ಲ ಮಕ್ಕಳನ್ನು ಮನೆಯಲ್ಲೇ ಮಂಕು ಮಾಡಿ ತಂದು ಸೇರಿಸುತ್ತಾರೆ. ಮೊನ್ನೆ ಕೂಲಿ ಜಟ್ಟಪ್ಪನ ಮೊಮ್ಮಗಳು ಅರ್ಜಿ ತುಂಬುವಾಗಲೇ ನಕ್ಕುಬಿಟ್ಟಳಂತೆ. ಸೀತಕ್ಕ ಅರ್ಜಿ ವಾಪಸು ಕೊಟ್ಟಳು.

ಜಟ್ಟಪ್ಪ ಜಗಳಕ್ಕೆ ನಿಲ್ಲಲಿಲ್ಲ. “ಒಂದು ವಾರ ಬಿಡಿ ಟೀಚರೇ, ಹದಕ್ಕೆ ತರ್ತೀನಿ,” ಅಂದು ಮೊಮ್ಮಗಳ ಕೈಯಲ್ಲಿದ್ದ ಹೂವು ಕಿತ್ತು ಜೇಬಿಗಿಟ್ಟುಕೊಂಡು ಹೊರಟ.