ಅಕ್ಕನ ಬಾಯಿಗೆ ಬೀಗ ಹಾಕಿಸಿದ ಸ್ಟೆಂಟಿಗೆ

ನನ್ನ ಎಡಗಣ್ಣಿನ ಹಿಂದಿನ ರಕ್ತನಾಳದಲ್ಲಿ ಬಿಡಾರ ಹೂಡಿರುವ ಮಾನ್ಯ ಸ್ಟೆಂಟ್ ಅವರ ಸನ್ನಿಧಿಗೆ, ಆ ತಲೆಯ ಮಾಲೀಕನೂ ವೃತ್ತಿಯಿಂದ ದರ್ಜಿಯೂ ಆದವನು ಮಾಡುವ ನಮಸ್ಕಾರಗಳು. ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ತಾವು ಕ್ಷೇಮವಾಗಿಲ್ಲದಿದ್ದರೆ ಈ ಪತ್ರ ಬರೆಯಲು ನಾನೂ ಇರುತ್ತಿರಲಿಲ್ಲವಾದ್ದರಿಂದ, ಈ ಒಂದು ವಿಷಯದಲ್ಲಾದರೂ ನಮ್ಮಿಬ್ಬರ ಹಿತ ಒಂದೇ. ಇಷ್ಟು ಹತ್ತಿರ ಇರುವವರಿಗೆ ಪತ್ರ ಬರೆಯುವುದು ಅತಿಯಾಯಿತೆಂದು ತಮಗನ್ನಿಸಬಹುದು. ಆದರೆ ತಲೆಯೊಳಗೇ ಹೇಳಿಕೊಂಡದ್ದನ್ನು ತಾವು ಕೇಳಿಸಿಕೊಂಡ ಲಕ್ಷಣ ಕಾಣದೆ, ನಾಲ್ಕು ಜನರೆದುರು ದೂರು ಕೊಡಬೇಕಾಗಿ ಬಂದಿದೆ.

ಮಾನ್ಯರೇ, ತಮ್ಮ ಆಗಮನಕ್ಕೆ ಕಾರಣ ನಮ್ಮ ಅಂಗಡಿಯ ಶಟರ್. ಅದು ಅರ್ಧಕ್ಕೆ ಏರಿ ನಿಂತದ್ದನ್ನು ನೋಡದೆ ಒಳನುಗ್ಗಿ ಹಣೆ ಚಚ್ಚಿಕೊಂಡ ನನ್ನನ್ನು ಅಕ್ಕ ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ಹಣೆಯ ಮೇಲಿನ ಬುಗುಟು ಏನೂ ಅಲ್ಲ, ಆದರೆ ಒಳಗೆ ಇನ್ನೊಂದು ಬುಗುಟಿದೆ ಎಂದರು. ಮಿದುಳಿನ ರಕ್ತನಾಳದ ಗೋಡೆ ಒಂದು ಕಡೆ ತೆಳುವಾಗಿ ಬಲೂನಿನಂತೆ ಉಬ್ಬಿದೆಯಂತೆ, ಅದರ ಹೆಸರು ಅನ್ಯೂರಿಸಂ ಅಂತೆ, ಸಿಡಿದಿಲ್ಲವಂತೆ, ಸಿಡಿದರೆ ಪ್ರಾಣಕ್ಕೇ ಅಪಾಯವಂತೆ. ಬಹಳ ದಿನ ತೊಟ್ಟ ಪ್ಯಾಂಟಿನ ಮಂಡಿ ಉಬ್ಬುವುದನ್ನು ದಿನವೂ ನೋಡುವ ನನಗೆ ವಿಷಯ ಥಟ್ಟನೆ ಅರ್ಥವಾಯಿತು. ಮಂಡಿಗಾದರೆ ಇಸ್ತ್ರಿ ಹಾಕಬಹುದು, ಇದಕ್ಕೇನು ಮಾಡುತ್ತೀರಿ ಎಂದು ಕೇಳಿದೆ. ಆಗ ಅವರು, ಸ್ಟೆಂಟ್ ಎಂದು ತಮ್ಮ ಹೆಸರು ಹೇಳಿದರು.

ತೊಡೆಯ ಸಂದಿಯಲ್ಲಿ ಸಣ್ಣ ತೂತು ಮಾಡಿ, ಅಲ್ಲಿಂದ ಎಳೆಯಂಥ ನಳಿಗೆಯೊಂದನ್ನು ರಕ್ತನಾಳದೊಳಗೇ ನೂಕುತ್ತಾ, ಹೊಟ್ಟೆ ಎದೆ ಕುತ್ತಿಗೆಗಳನ್ನು ದಾಟಿಸಿ ತಲೆ ಮುಟ್ಟಿಸಿ, ಅದರ ತುದಿಯಲ್ಲಿ ಮುದುಡಿ ಕೂತ ತಮ್ಮನ್ನು ಉಬ್ಬಿನ ಬಾಯಿಗೆ ಅಡ್ಡಲಾಗಿ ಬಿಡಿಸಿ ಬರುವುದು ಎಂದು ವಿವರಿಸಿದಾಗ, ಇದು ಪೈಜಾಮಕ್ಕೆ ಲಾಡಿ ಪೋಣಿಸುವ ಕೆಲಸವಲ್ಲವೇ ಎನ್ನಿಸಿತು. ಜೀವಮಾನವಿಡೀ ಲಾಡಿ ಪೋಣಿಸಿದವನು ನಾನು. ಪಿನ್ನು ನಡುದಾರಿಯಲ್ಲಿ ಕಳಚಿಕೊಂಡು ಒಳಗೇ ಉಳಿದುಹೋಗುವ ಸಂಕಟ ನನಗೆ ಗೊತ್ತು. ಆದ್ದರಿಂದ, ‘ನಿಮ್ಮ ಪಿನ್ನು ಗಟ್ಟಿಯಾಗಿದೆ ತಾನೇ ಮೇಡಂ?’ ಎಂದು ಒಂದು ಮಾತು ಕೇಳಿಟ್ಟುಕೊಂಡೆ.

ತಮ್ಮ ಕಸುಬುದಾರಿಕೆಯನ್ನು ಹೊಗಳದಿದ್ದರೆ ನಾನು ದರ್ಜಿಯೇ ಅಲ್ಲ. ಕೂದಲಿಗಿಂತ ಸಣ್ಣ ತಂತಿಗಳ ಜಾಳಿಗೆ ತಾವು. ಹೊಲಿಗೆ ಬಿಚ್ಚದೆ, ಗಂಟು ಹಾಕದೆ, ಒಳಗಿಂದೊಳಗೇ ಅಸ್ತರು ಕೊಟ್ಟಿರಿ. ರಕ್ತವೀಗ ಉಬ್ಬಿನೊಳಗೆ ಸುತ್ತು ಹೊಡೆಯುವುದನ್ನು ಬಿಟ್ಟು ತಮ್ಮೊಳಗಿಂದ ನೆಟ್ಟಗೆ ಹರಿಯುತ್ತದೆ, ಉಬ್ಬು ತಾನಾಗಿ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ ಎಂದರು ಡಾಕ್ಟರಮ್ಮ. ಇಂಥ ಕೆಲಸಗಾರ ನಮ್ಮ ಅಂಗಡಿಗೆ ಸಿಕ್ಕಿದ್ದರೆ ಕೂರಲು ನನ್ನ ಸ್ಟೂಲನ್ನೇ ಬಿಟ್ಟುಕೊಡುತ್ತಿದ್ದೆ. ಹಾಗಿದ್ದ ಮೇಲೆ ದೂರೇನು ಎನ್ನುವಿರಾ? ದೂರು ನಮ್ಮಕ್ಕನದು. ಅಂದರೆ, ಆಕೆ ದೂರದಿರುವುದೇ ನನ್ನ ದೂರು.

ನಮ್ಮ ಅಂಗಡಿಯಲ್ಲಿ ಅಕ್ಕ ಬಟ್ಟೆ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ, ಇಬ್ಬರೂ ಸೇರಿ ಜಗಳವಾಡುತ್ತೇವೆ. ಅಪ್ಪ ಬಿಟ್ಟುಹೋದ ಉದ್ದನೆಯ ಮೇಜಿನ ಆ ತುದಿಯಲ್ಲಿ ಆಕೆ, ಈ ತುದಿಯಲ್ಲಿ ನಾನು, ನಡುವೆ ಗಿರಾಕಿಯ ಬಟ್ಟೆ. ನಾನು ಮೈಗೆ ಅಂಟಿದ ಹಾಗಿರಲಿ ಅಂದರೆ ಆಕೆ, ‘ಲೋ, ಗಿರಾಕಿ ಅಂದ್ರೆ ದಿಂಬಲ್ಲ ಕಣೋ, ಕೈ ಎತ್ತುತ್ತಾನೆ, ಬಗ್ಗುತ್ತಾನೆ, ಉಸಿರೂ ಬಿಡ್ತಾನೆ!’ ಎಂದು ಚಾಕ್‌ಪೀಸನ್ನು ನನ್ನತ್ತ ಎಸೆಯುತ್ತಿದ್ದಳು. ನಾನು ‘ಮಹಾರಾಣಿಯವರು ಅಪ್ಪಣೆ ಕೊಟ್ಟರು’ ಅನ್ನುತ್ತಿದ್ದೆ. ಆಕೆ ಒಂದು ಬೆರಳು ಹೆಚ್ಚು ಬಿಡುತ್ತಿದ್ದಳು, ನಾನು ಅರ್ಧ ಬೆರಳು ಹಿಡಿಯುತ್ತಿದ್ದೆ. ಬಟ್ಟೆ ಮೈಗೆ ಕೂರುತ್ತಿತ್ತು. ಅಳತೆ ಕೊಡಲು ಬಂದವರು ಜಗಳ ಮುಗಿಯುವವರೆಗೂ ಕೂತಿದ್ದು ಹೋಗುವುದುಂಟು. ಶಟರ್ ಬಡಿದ ದಿನವೂ ಆಕೆ ದಿನದ ರೂಢಿಯಂತೆ, ‘ನಿನ್ನ ತಲೆ ಸಿಡಿದು ಹೋಗ, ಶಟರಿಗೆ ಎಣ್ಣೆ ಬಿಡು ಅಂತ ಎಷ್ಟು ಸಲ ಬಡ್ಕೊಳ್ಲಿ!’ ಎಂದೇ ಬೆಳಗು ಮಾಡಿದ್ದಳು.

ತಾವು ಬಂದಿರಿ, ಆ ಬಾಯಿ ನಿಂತಿತು. ಏನು ಹೇಳಿದರೂ ‘ಆಯ್ತಪ್ಪ, ನೀನು ಹೇಳಿದ ಹಾಗೇ’ ಎನ್ನುತ್ತಾಳೆ. ಮೂವತ್ತು ವರ್ಷ ನನ್ನನ್ನು ‘ಲೋ’ ಎಂದವಳ ಬಾಯಲ್ಲಿ ‘ಅಪ್ಪ’ ಎನ್ನಿಸಿಕೊಂಡ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ತಮ್ಮ ಗೌರವಾರ್ಥ ನಾನು ನುಂಗುವ ರಕ್ತ ತೆಳುಮಾಡುವ ಮಾತ್ರೆಗಳ ದೆಸೆಯಿಂದ ಬೆರಳಿಗೆ ಸೂಜಿ ಚುಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಒಂದು ದಿನ ಅಚ್ಚ ಬಿಳಿ ಶರ್ಟಿನ ಎದೆಗೇ ಕಲೆ ಮಾಡಿದೆ. ಹಿಂದಾಗಿದ್ದರೆ ಸೂರು ಹಾರಿಹೋಗುತ್ತಿತ್ತು. ಈಗ ಅಕ್ಕ ಸದ್ದಿಲ್ಲದೆ ಶರ್ಟನ್ನು ತಣ್ಣೀರಿನಲ್ಲಿ ಉಜ್ಜಿ, ನನ್ನ ಬೆರಳಿಗೆ ಪಟ್ಟಿ ಸುತ್ತಿ, ‘ನೋವಾಯ್ತಾ?’ ಎಂದಳು. ನೋವು ಆಗ ಆಯಿತು.

ಇದರ ಫಲ ಉಂಡವರು ನಮ್ಮೂರ ಬ್ಯಾಂಡ್ ಮಾಸ್ತರರು. ಅವರ ಹೊಸ ಕೋಟಿನ ಕಂಕುಳನ್ನು ನಾನು ಚೆಂದಕ್ಕಾಗಿ ಬಿಗಿಯಾಗಿ ಹಿಡಿಯೋಣವೆಂದೆ. ಕೈ ಎತ್ತಿ ಕೋಲು ಬೀಸುವುದೇ ಆ ಮನುಷ್ಯನ ಕಸುಬು ಎಂದು ನನಗೆ ನೆನಪಿರಲಿಲ್ಲ. ಅಕ್ಕನಿಗೆ ನೆನಪಿತ್ತು, ಆಕೆಯ ತುಟಿ ಅಲುಗಿದ್ದನ್ನು ನಾನೇ ನೋಡಿದೆ, ಆದರೆ ಬಂದದ್ದು ‘ಆಯ್ತಪ್ಪ’. ಉದ್ಯಾನದ ಕಟ್ಟೆಯ ಮೇಲೆ ಮಾಸ್ತರರು ಮೊದಲ ರಾಗಕ್ಕೆ ಎರಡೂ ಕೈ ಎತ್ತಿದಾಗ ಕೋಟು ಎರಡೂ ಕಡೆ ಒಟ್ಟಿಗೆ ಹರಿಯಿತು. ತುತ್ತೂರಿಯವನು ಅದನ್ನೇ ಸನ್ನೆಯೆಂದು ತಿಳಿದು ಊದಿಬಿಟ್ಟನು. ಮಾರನೆಯ ದಿನ ಮಾಸ್ತರರು ಕೋಟನ್ನು ಮೇಜಿನ ಮೇಲೆ ಹರಡಿ, ‘ಏನ್ರೀ, ನೀವಿಬ್ರೂ ಜಗಳ ಆಡೋದು ಬಿಟ್ರಾ?’ ಎಂದರು. ಊರಿನಲ್ಲಿ ರೋಗ ಸರಿಯಾಗಿ ಹಿಡಿದವರು ಅವರೊಬ್ಬರೇ.

ಆಗ ನಾನು ದರ್ಜಿಗಳಲ್ಲಿ ಯಾರೂ ಮಾಡದ ಪಾತಕಕ್ಕೆ ಕೈಹಾಕಿದೆ. ಅಕ್ಕನ ಬಟ್ಟೆ ಕತ್ತರಿಯಿಂದ, ಆಕೆ ನೋಡನೋಡುತ್ತಿದ್ದಂತೆ, ಕಾಗದ ಕತ್ತರಿಸಿದೆ. ಕಾಗದ ಕತ್ತರಿಸಿದರೆ ಬಟ್ಟೆ ಕತ್ತರಿಯ ಬಾಯಿ ಮೊಂಡಾಗುತ್ತದೆ. ಇದೇ ತಪ್ಪಿಗೆ ಆಕೆ ನಮ್ಮ ಭಾವನನ್ನು ಮದುವೆಯಾದ ಹೊಸದರಲ್ಲೇ ಅಂಗಡಿಯಿಂದ ಹೊರಹಾಕಿದ್ದಳು, ಅವರು ಇಂದಿಗೂ ಹೊಸ್ತಿಲಾಚೆ ನಿಂತೇ ಮಾತಾಡುತ್ತಾರೆ. ನಾನು ಕರ್ರನೆ ಸದ್ದು ಮಾಡಿ ಕತ್ತರಿಸಿ, ಕಣ್ಣು ಮುಚ್ಚಿ ಕಾದೆ. ಅಕ್ಕ ಕತ್ತರಿಯನ್ನು ಮೆಲ್ಲಗೆ ತೆಗೆದುಕೊಂಡು ಸಾಣೆಕಲ್ಲಿನ ಮುಂದೆ ಕೂತಳು. ಡಾಕ್ಟರಮ್ಮ ನನಗೆ ಹೇಳದ್ದೇನನ್ನೋ ಈಕೆಗೆ ಹೇಳಿರಬೇಕು, ನನ್ನ ಕಥೆ ಮುಗಿಯಿತು ಎಂದುಕೊಂಡು ಎದುರು ಕೂತು ಕೇಳಿಯೇಬಿಟ್ಟೆ.

ಆಕೆ ಕಲ್ಲಿನಿಂದ ಕಣ್ಣೆತ್ತದೆ ಹೇಳಿದಳು: ‘ಅವತ್ತು ಬೆಳಿಗ್ಗೆ ನಾನೇ ಅಲ್ವೇನೋ ಅಂದಿದ್ದು, ತಲೆ ಸಿಡಿದು ಹೋಗ ಅಂತ? ಸಂಜೆಗೆ ಡಾಕ್ಟರೂ ಅದೇ ಮಾತು ಅಂದ್ರು, ಸಿಡಿಯಬಹುದು ಅಂತ. ನನ್ನ ಬಾಯಿ ಒಳ್ಳೇದಲ್ಲ. ಇನ್ನು ಅದರಿಂದ ಏನೂ ಬರೋದು ಬೇಡ.’

ಮಾನ್ಯರೇ, ತಾವೇ ಹೇಳಿ. ಆ ಮಾತನ್ನು ಆಕೆ ನನಗೆ ಹಲ್ಲು ಬಂದಾಗಿನಿಂದ ಅನ್ನುತ್ತಿದ್ದಾಳೆ; ಅದಕ್ಕೆ ಬಲವಿದ್ದಿದ್ದರೆ ನನ್ನ ತಲೆಗೆ ಬೈತಲೆ ತೆಗೆಯುವ ವಯಸ್ಸೇ ಬರುತ್ತಿರಲಿಲ್ಲ. ಹಾಗೆಂದೆ. ಆಕೆ ‘ಆಯ್ತಪ್ಪ’ ಎಂದಳು.

ಮೊನ್ನೆ ತಮ್ಮ ಯೋಗಕ್ಷೇಮದ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಚಿತ್ರ ತೋರಿಸಿ, ಉಬ್ಬು ಪೂರ್ತಿ ಮುಚ್ಚಿಹೋಗಿದೆ, ತಾವು ಕದಲದೆ ಕೂತಿದ್ದೀರಿ ಎಂದರು. ಅಕ್ಕನೆದುರಿಗೇ ನಾನು, ಬೈಗುಳದಿಂದ ಇದು ಬರುತ್ತದೆಯೇ ಎಂದು ಕೇಳಿದೆ. ಅವರು ಅಕ್ಕನ ಮುಖ ನೋಡಿ, ನನ್ನ ಮುಖ ನೋಡಿ, ಕನ್ನಡಕ ತೆಗೆದಿಟ್ಟು, ‘ಇದು ಶಟರ್ ಬಡಿಯೋದಕ್ಕೂ ಮುಂಚಿನಿಂದಲೇ ಇದ್ದದ್ದಮ್ಮ. ಬೈಗುಳಕ್ಕೆ ರಕ್ತನಾಳ ಉಬ್ಬೋ ಹಾಗಿದ್ರೆ ನಮ್ಮ ಯಜಮಾನ್ರು ಉಳೀತಾನೇ ಇರ್ಲಿಲ್ಲ’ ಎಂದರು. ಬಸ್ಸಿನಲ್ಲಿ ಅಕ್ಕ ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ಕೂತಳು. ಭುಜ ಅಲುಗುತ್ತಿತ್ತು. ನಗುವೋ ಅಳುವೋ ತಿಳಿಯಲಿಲ್ಲ, ಹಿಂದಿನಿಂದ ನೋಡಿದರೆ ಎರಡಕ್ಕೂ ಅಳತೆ ಒಂದೇ. ಆದರೆ ಅಂಗಡಿಗೆ ಬಂದು ಬ್ಯಾಂಡ್ ಮಾಸ್ತರರ ಕೋಟಿಗೆ ಹೊಸ ಬಟ್ಟೆ ಹರಡಿ, ಕಂಕುಳು ಮೊದಲಿನಷ್ಟೇ ಇರಲೆಂದು ನಾನು ಬೇಕೆಂದೇ ಹೇಳಿದಾಗ, ಚಾಕ್‌ಪೀಸನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟು, ‘ನಾಳೆ ನೋಡೋಣ’ ಎಂದಳು. ‘ಆಯ್ತಪ್ಪ’ ಅಲ್ಲದ್ದಕ್ಕೆ ಸಂತೋಷ, ಆದರೆ ಅದು ಜಗಳವೂ ಅಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ಅರ್ಧ ಗಂಟೆಯ ರಜೆ ಹಾಕಿ, ಹೋದ ದಾರಿಯಲ್ಲೇ ಕುತ್ತಿಗೆ ಎದೆ ಹೊಟ್ಟೆ ಇಳಿದು ಹೊರಬಂದು, ಮೇಜಿನ ಆ ತುದಿಯಲ್ಲಿ ನಿಂತು, ‘ಅಮ್ಮಾ, ಜಾಗ ಕಣ್ಣಾರೆ ಕಂಡವನು ನಾನು, ಅಲ್ಲಿ ನಿಮ್ಮ ಮಾತಿನ ಗುರುತು ಒಂದೂ ಇಲ್ಲ’ ಎಂದು ಸಾಕ್ಷಿ ನುಡಿದು, ಯಾವ ನೆರಿಗೆಯೂ ಮಾಡದೆ ಮತ್ತೆ ಸ್ವಸ್ಥಾನಕ್ಕೆ ಮರಳಬೇಕು. ಒಮ್ಮೆ ಕೂರಿಸಿದರೆ ತಮ್ಮನ್ನು ತೆಗೆಯಲಾಗದೆಂದು ಡಾಕ್ಟರಮ್ಮ ಹೇಳುತ್ತಾರೆ. ಅಕ್ಕನ ಬಾಯನ್ನೂ ಯಾರಿಂದಲೂ ನಿಲ್ಲಿಸಲಾಗದೆಂದು ನಾನು ತಿಳಿದಿದ್ದೆ. ಹೊರಬರಲಾಗದಿದ್ದರೆ ಒಳಗಿನಿಂದಲೇ ಎರಡು ಸಲ ತಟ್ಟಿದರೂ ಸಾಕು, ಅರ್ಥ ನಾನು ಹೇಳುತ್ತೇನೆ. ಜೀವ ಉಳಿಸಿಕೊಟ್ಟ ತಮಗೆ ಇಷ್ಟು ಸಣ್ಣ ಕೆಲಸ ಕಷ್ಟವಾಗಲಾರದು.

ತೊಂದರೆಗೆ ಕ್ಷಮೆ ಇರಲಿ. ಅಲ್ಲಿ ಗಾಳಿ ಬೆಳಕು ಕಡಿಮೆಯೆಂಬುದನ್ನು ಬಲ್ಲೆ, ಹೊಂದಿಕೊಂಡಿರಿ.

ತಮ್ಮ ವಿಶ್ವಾಸಿ,
ತಲೆಯ ಮಾಲೀಕ

ತಾ.ಕ.: ಈ ಪತ್ರದ ಹಾಳೆ ಲಕೋಟೆಗಿಂತ ದೊಡ್ಡದಾಯಿತೆಂದು ಅಂಚು ಕತ್ತರಿಸುತ್ತಿದ್ದೆ. ಯಾವ ಕತ್ತರಿಯಿಂದ ಎಂಬುದು, ದೇವರಾಣೆ, ಈ ಸಲ ನನಗೇ ಗಮನವಿರಲಿಲ್ಲ. ಬಾಗಿಲಲ್ಲಿ ಅಕ್ಕ. ‘ಲೋ ಮುಠ್ಠಾಳ! ಬಟ್ಟೆ ಕತ್ತರಿ ಕಣೋ ಅದು! ನಿನ್ನ ತಲೆ...’ ಎಂದವಳು ಗಕ್ಕನೆ ನಿಂತಳು. ತಾವು ಕೂತಿರುವ ಜಾಗವನ್ನು ಒಮ್ಮೆ ದಿಟ್ಟಿಸಿದಳು. ಆಮೇಲೆ, ‘...ನಿನ್ನ ಕೈ ಸೇದಿ ಹೋಗ!’ ಎಂದು ಮುಗಿಸಿ, ಚಾಕ್‌ಪೀಸು ಎಸೆದು, ಮಾಸ್ತರರ ಕೋಟಿನ ಕಂಕುಳಿಗೆ ಎರಡು ಬೆರಳು ಹೆಚ್ಚಿಗೆ ಗೆರೆ ಎಳೆದಳು. ಎರಡು ಬೆರಳು ಅತಿಯಾಯಿತು, ಅದರ ಜಗಳ ಈಗಷ್ಟೇ ಶುರುವಾಗಿದೆ. ಆದ್ದರಿಂದ ದೂರು ರದ್ದು, ತಾವು ಇದ್ದಲ್ಲೇ ಇರಿ. ಆದರೆ ಶಾಪವೀಗ ತಲೆ ಬಿಟ್ಟು ಕೈಗೆ ವರ್ಗವಾಗಿರುವುದರಿಂದ, ತಮ್ಮ ಬಂಧುಬಳಗದಲ್ಲಿ ಕೈಕಡೆ ಬಂದು ನೆಲೆಸಲು ಒಪ್ಪುವ, ಗದ್ದಲಕ್ಕೆ ಹೆದರದ ಸ್ಟೆಂಟ್ ಯಾರಾದರೂ ಇದ್ದರೆ ವಿಳಾಸ ತಿಳಿಸುವುದು.